ಕೆಂಪು ಚೀಟಿಗೆ ಕಾದವನು

ನೀರಿನ ಮೀಟರ್ ಓದುವುದು ಅವನ ಕೆಲಸ. ದಿನಕ್ಕೆ ನೂರಿಪ್ಪತ್ತು ಮನೆಗಳ ಗೇಟು ತೆಗೆದು, ಮೆಟ್ಟಿಲ ಕೆಳಗೆ, ಹಿತ್ತಲ ಮೂಲೆಯಲ್ಲಿ, ಗುರುಗುಟ್ಟುವ ನಾಯಿಗಳ ಕಣ್ಣೆದುರಿಗೆ ಬಗ್ಗಿ, ಗಾಜಿನ ಮೇಲಿನ ಧೂಳು ಒರೆಸಿ ಅಂಕಿ ಬರೆದುಕೊಂಡು ಬರುವವನು. ಆ ಮನೆಗಳ ಮಕ್ಕಳು ಅವನನ್ನು ಮೀಟರ್ ಮಾಮ ಅನ್ನುತ್ತಿದ್ದರು. ಹೆಂಡತಿಯ ತಂಗಿ ಮಾತ್ರ ಡಿಸ್ಕೌಂಟ್ ಭಾವ ಎಂದು ಕರೆಯುತ್ತಿದ್ದಳು, ಅದೂ ಎದುರಿಗೇ. ಅವನು ಅದನ್ನು ಬಿರುದು ಅಂದುಕೊಂಡಿದ್ದ. ಹಾಗೆ ಅಂದುಕೊಳ್ಳುವ ಪುಣ್ಯಾತ್ಮನಿಗೆ ಯಾರು ತಾನೇ ಏನು ಹೇಳಲಾದೀತು?

ಕೆಲಸ ಮುಗಿಸಿ ಬರುವ ದಾರಿಯಲ್ಲೇ ಇತ್ತು ಆ ಐದು ಅಂತಸ್ತಿನ ಅಂಗಡಿ. ಎಲ್ಲರ ಬಾಯಲ್ಲೂ ಅದು ದೊಡ್ಡಂಗಡಿ. ಸೂಜಿಯಿಂದ ಹಿಡಿದು ಸೋಫಾದವರೆಗೆ ಅಲ್ಲಿ ಸಿಗದ ಸಾಮಾನಿಲ್ಲ. ಹೊಸ ಮಾಲೆಲ್ಲ ನೆಲಮಹಡಿಯಲ್ಲಿ, ಪೂರ್ತಿ ಬೆಲೆಗೆ. ಮೇಲಿನ ನಾಲ್ಕು ಮಹಡಿಗಳಲ್ಲಿ ಉಳಿದದ್ದು, ಮಿಕ್ಕಿದ್ದು, ಡಬ್ಬಿ ನಜ್ಜುಗುಜ್ಜಾದದ್ದು. ಅಲ್ಲಿ ಹಳದಿ ಚೀಟಿ ಅಂಟಿದ್ದರೆ ಕಾಲು ಭಾಗ ಕಡಿತ, ನೀಲಿ ಚೀಟಿಗೆ ಅರ್ಧ, ಕೆಂಪು ಚೀಟಿಗೆ ಮುಕ್ಕಾಲು. ಪ್ರತಿ ಬುಧವಾರ ಬೆಳಗ್ಗೆ ಚೀಟಿ ಬದಲಾಗುತ್ತಿದ್ದವು. ಹಳದಿ ಇದ್ದದ್ದು ನೀಲಿ, ನೀಲಿ ಇದ್ದದ್ದು ಕೆಂಪು. ನೆಲಮಹಡಿಯನ್ನು ಅವನು ಕಣ್ಣೆತ್ತಿಯೂ ನೋಡದೆ ದಾಟಿಕೊಂಡು ಎಸ್ಕಲೇಟರ್ ಹತ್ತುತ್ತಿದ್ದ. ಅಲ್ಲಿ ಪೂರ್ತಿ ದುಡ್ಡು ಕೊಟ್ಟು ದಿಂಬು ಆರಿಸುತ್ತ ನಿಂತವರನ್ನು ಕಂಡರೆ ಅವನಿಗೆ ನಿಜವಾಗಿಯೂ ಮರುಕ ಬರುತ್ತಿತ್ತು. ಪಾಪ, ಇವರಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ, ಅಂದುಕೊಳ್ಳುತ್ತಿದ್ದ.

ಮನೆಗೆ ಏನು ತಂದರೂ ಅವನದೊಂದು ಪದ್ಧತಿ. ಸಾಮಾನನ್ನು ಮೇಜಿನ ನಟ್ಟನಡುವೆ ಇಟ್ಟು, ಚೀಟಿಯನ್ನು ಹೆಬ್ಬೆರಳಿನಲ್ಲಿ ಮುಚ್ಚಿ, "ಎಷ್ಟಿರಬಹುದು, ಹೇಳು ನೋಡೋಣ?" ಅನ್ನುವುದು. ಹೆಂಡತಿ ಒಂದು ಬೆಲೆ ಹೇಳಬೇಕು. ಅವನು ಇಲ್ಲ ಅಂತ ತಲೆಯಾಡಿಸಬೇಕು. ಅವಳು ಇನ್ನಷ್ಟು ಇಳಿಸಬೇಕು, ಅವನು ಇನ್ನಷ್ಟು ಜೋರಾಗಿ ತಲೆಯಾಡಿಸಬೇಕು. ಕೊನೆಗೆ ಹೆಬ್ಬೆರಳು ಎತ್ತಿದಾಗ ಅವಳು "ಅಯ್ಯೋ, ಇಷ್ಟಕ್ಕೇನಾ!" ಅನ್ನಬೇಕು. ಹತ್ತೊಂಬತ್ತು ವರ್ಷದಿಂದ ಅವಳು ಅದನ್ನು ತಪ್ಪದೆ ಅಂದಿದ್ದಳು. ದಣಿದು ಬಂದ ದಿನ ಮಾತ್ರ ಮೊದಲಿಗೇ "ಇಷ್ಟಕ್ಕೇನಾ" ಅಂದು ಮುಗಿಸಿಬಿಡುತ್ತಿದ್ದಳು.

ಹೀಗೆ ಬಂದ ಸಾಮಾನುಗಳಾದರೂ ಎಂಥವು? ಒಬ್ಬರೇ ಮಲಗುವ ಡೇರೆ. ಇವರಿಬ್ಬರೂ ಯಾವತ್ತೂ ಬಯಲಲ್ಲಿ ಮಲಗಿದವರಲ್ಲ. ಎಡಗೈಯಲ್ಲಿ ಹಿಡಿಯುವ ಕತ್ತರಿ, ಆರು. ಮನೆಯಲ್ಲಿ ಇಬ್ಬರಿಗೂ ಬಲಗೈಯೇ ಓಡುವುದು. ಏಳು ಎಂಬ ಅಂಕಿಯ ಆಕಾರದ ಮೇಣದಬತ್ತಿಗಳು, ನಲವತ್ತು. ಕರೆಂಟು ಹೋದಾಗಲೆಲ್ಲ ಆ ಮನೆಯಲ್ಲಿ ಒಂದೊಂದು ಏಳು ಉರಿಯುತ್ತಿತ್ತು. ಒಮ್ಮೆ ನಾದಿನಿ ಬಂದವಳು ಅದನ್ನೇ ದಿಟ್ಟಿಸಿ, "ಭಾವ, ಎಂಟು ಸಿಗಲಿಲ್ವಾ?" ಅಂದಳು. "ಎಂಟಕ್ಕೆ ಇನ್ನೂ ನೀಲಿ ಚೀಟಿ ಇತ್ತಮ್ಮಾ" ಎಂದು ಅವನು ಗಂಭೀರವಾಗಿಯೇ ಉತ್ತರ ಕೊಟ್ಟ. ಆಮೇಲೆ ತನ್ನ ಮಾತು ತನ್ನ ಕಿವಿಗೇ ಬಿದ್ದು ಅವನಿಗೂ ನಗು ಬಂತು. ತಾನೊಬ್ಬ ತಿಕ್ಕಲ ಅಂತ ಅವನಿಗೆ ಗೊತ್ತಿರಲಿಲ್ಲ ಅಂತೇನಿಲ್ಲ. ಗೊತ್ತಿತ್ತು. ಆದರೆ ಯಾರಿಗೂ ತೊಂದರೆ ಕೊಡದ ತಿಕ್ಕಲು, ಇರಲಿ ಬಿಡು, ಅಂತ ತನಗೆ ತಾನೇ ಮಾಫಿ ಕೊಟ್ಟುಕೊಂಡಿದ್ದ.

ಅವನ ಹತ್ತಿರ ಒಂದು ಗುಟ್ಟಿನ ವಿದ್ಯೆಯೂ ಇತ್ತು. ನೀಲಿ ಚೀಟಿಯ ಒಳ್ಳೆಯ ಸಾಮಾನು ಕಣ್ಣಿಗೆ ಬಿದ್ದರೆ ಕೊಳ್ಳುತ್ತಿರಲಿಲ್ಲ, ಬಚ್ಚಿಡುತ್ತಿದ್ದ. ಬುಧವಾರ ಹೋಗಿ ಈಚೆಗೆ ತೆಗೆದು, ಚೀಟಿ ಬದಲಿಸುವವರ ಮುಂದೆ ಏನೂ ಅರಿಯದವನ ಹಾಗೆ ಇಟ್ಟು, ಕೆಂಪು ಅಂಟಿಸಿದ ಕೂಡಲೇ ಎತ್ತಿಕೊಳ್ಳುವುದು. ಬಚ್ಚಿಡುವ ಜಾಗ ನಾಲ್ಕನೇ ಮಹಡಿಯಲ್ಲಿತ್ತು: ನೂರು ಜನರಿಗೆ ಅಡುಗೆ ಮಾಡುವಂಥ ಅಲ್ಯೂಮಿನಿಯಂ ಪಾತ್ರೆ, ಮುಚ್ಚಳ ಸಮೇತ. ಎರಡು ವರ್ಷದಿಂದ ಕೆಂಪು ಚೀಟಿ ಹೊತ್ತುಕೊಂಡು ಕೂತಿದ್ದರೂ ಅದನ್ನು ಕೇಳುವವರೇ ಇರಲಿಲ್ಲ. ಅದರ ಸುದ್ದಿಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ತಾನು ಬಚ್ಚಿಡುತ್ತೇನೆ ಎಂಬುದನ್ನೇ ಹೇಳಿರಲಿಲ್ಲ. ಬೆಲೆ ಕೇಳಿ ಅವಳು ಬೆರಗಾಗುವುದು ಬೇಕಿತ್ತು ಅವನಿಗೆ, ಅದರ ಹಿಂದಿನ ಕಸರತ್ತು ಅವಳಿಗೆ ಗೊತ್ತಾಗುವುದು ಬೇಕಿರಲಿಲ್ಲ.

ಹೆಂಡತಿ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸು. ಡಾಕ್ಟರು ಕೈ ಚಾಚಿದರೆ ಬೇಕಾದ ಸಲಕರಣೆ ಆ ಕೈಯಲ್ಲಿ ಇರಬೇಕು, ಅದು ಅವಳ ಕೆಲಸ. ಶುರುವಿಗೆ ಮೊದಲು ಕತ್ತರಿ, ಚಿಮಟ, ಹತ್ತಿಬಟ್ಟೆ ಎಲ್ಲವನ್ನೂ ಬೆರಳು ತೋರಿಸಿ ಬಾಯಿಬಿಟ್ಟು ಎಣಿಸಬೇಕು. ಹೊಲಿಗೆ ಹಾಕುವ ಮೊದಲು ಮತ್ತೆ ಎಣಿಸಬೇಕು. ಆ ಅಭ್ಯಾಸ ಮನೆಯಲ್ಲೂ ಬಿಟ್ಟಿರಲಿಲ್ಲ. ಚಮಚ ತೊಳೆದರೆ ಎಣಿಸುತ್ತಿದ್ದಳು, ಮೆಟ್ಟಿಲು ಹತ್ತಿದರೆ ಎಣಿಸುತ್ತಿದ್ದಳು, ತೋರುಬೆರಳು ಒಂದೊಂದಕ್ಕೂ ಟಕ್ ಟಕ್ ಅಂತ ಬಗ್ಗುತ್ತಿತ್ತು. "ನನ್ನ ಥಿಯೇಟರಲ್ಲಿ ಇಷ್ಟು ವರ್ಷದಲ್ಲಿ ಒಂದು ಸೂಜಿ ತಪ್ಪಿಲ್ಲ ಕಣ್ರೀ" ಅನ್ನುವಾಗ ಅವಳ ಕುತ್ತಿಗೆ ಒಂದು ಅಂಗುಲ ಉದ್ದವಾಗುತ್ತಿತ್ತು.

ಎರಡು ತಿಂಗಳಿಂದ ಅವಳ ಬಲ ಹಿಮ್ಮಡಿ ನೋಯುತ್ತಿತ್ತು. ನಾಲ್ಕು ತಾಸು, ಐದು ತಾಸು ಒಂದೇ ಕಡೆ ನಿಲ್ಲುವ ಕೆಲಸ. ಮನೆಗೆ ಬಂದವಳು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಹಲ್ಲು ಕಚ್ಚಿ ಕೂರುತ್ತಿದ್ದಳು. ಮೂಳೆ ಡಾಕ್ಟರು ನೋಡಿ, ಮಾತ್ರೆಗಿಂತ ಮೊದಲು ದಪ್ಪ ಮೆತ್ತೆಯ ಒಳ್ಳೆ ಷೂ ಹಾಕಿಕೊಳ್ಳಿ ಅಂದರು. ಹಿರಿಯ ಸಿಸ್ಟರ್ ಇನ್ನೊಂದು ಮಾತು ಹೇಳಿದರು: "ನಿಲ್ಲೋಕಾಗದೆ ಇದ್ರೆ ಹೇಳಿಬಿಡು. ರೆಕಾರ್ಡ್ ರೂಮಲ್ಲಿ ಕುರ್ಚಿ ಖಾಲಿ ಇದೆ. ಆಪರೇಷನ್ ಮಧ್ಯ ನೀನು ಕುಸಿದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ?" ಕಡತಗಳ ನಡುವೆ ಕುರ್ಚಿ! ಅದನ್ನು ಗಂಡನಿಗೆ ಹೇಳುವಾಗ ಅವಳ ದನಿಯೇ ಇಂಗಿಹೋಗಿತ್ತು.

"ಷೂ ನನಗೆ ಬಿಡು" ಅಂದ ಅವನು. "ನಾಲ್ಕು ದಿನದಲ್ಲಿ ತರ್ತೀನಿ. ನೀನು ದುಡುಕಿ ಎಲ್ಲಾದ್ರೂ ಪೂರ್ತಿ ಬೆಲೆ ಕೊಟ್ಟು ಬಂದೀಯ ಮತ್ತೆ."

ಗುರುವಾರ ಸಂಜೆ ಮೂರನೇ ಮಹಡಿಯಲ್ಲಿ ಆ ಷೂ ಕಂಡಿತು. ಬೂದು ಬಣ್ಣ, ಒಳಗೆ ಎರಡು ಬೆರಳು ದಪ್ಪದ ಮೆತ್ತೆ, ಹಿಮ್ಮಡಿಯ ಹತ್ತಿರ ಇನ್ನೂ ದಪ್ಪ. ಅವಳ ಅಳತೆ. ಆ ಅಳತೆಯಲ್ಲಿ ಉಳಿದದ್ದು ಅದೊಂದೇ ಜೊತೆ. ಮೂಲ ಬೆಲೆ ಮೂರು ಸಾವಿರದ ಆರುನೂರು, ಬಲಗಾಲಿನ ಷೂ ಮೇಲೆ ನೀಲಿ ಚೀಟಿ: ಸಾವಿರದ ಎಂಟುನೂರು. ಜೇಬಿನಲ್ಲಿ ಆವತ್ತು ತಾನೇ ಬಂದ ಸಂಬಳವಿತ್ತು. ಅವನು ಷೂ ಎತ್ತಿಕೊಂಡು ಬಿಲ್ ಕೌಂಟರಿನ ಕಡೆ ಹೊರಟೂ ಹೊರಟ. ಹತ್ತು ಹೆಜ್ಜೆ ಹಾಕಿದ. ಅಷ್ಟರಲ್ಲಿ ಒಳಗಿನ ಜಿಪುಣ ಕೆಮ್ಮಿದ.

ಇವತ್ತು ಗುರುವಾರ. ಬುಧವಾರಕ್ಕೆ ಕೆಂಪು. ಒಂಬೈನೂರಕ್ಕೆ ಬೀಳುತ್ತೆ. ಎರಡು ತಿಂಗಳು ನೋವು ತಿಂದವಳಿಗೆ ಇನ್ನಾರು ದಿನ ಯಾವ ಮಹಾ? ಮೂರು ಸಾವಿರದ ಆರುನೂರರ ಷೂ ಒಂಬೈನೂರಕ್ಕೆ ಅಂದರೆ ಅವಳ ಮುಖ ಹೇಗಾಗಬಹುದು? ನಾದಿನಿಯ ಮುಖ ಹೇಗಾಗಬಹುದು? ನಿಜ ಹೇಳಬೇಕೆಂದರೆ ನಾದಿನಿಯ ಮುಖವೇ ಅವನ ಕಣ್ಣ ಮುಂದೆ ಹೆಚ್ಚು ಹೊತ್ತು ನಿಂತಿದ್ದು.

ಪೂರ್ತಿ ಜೊತೆ ಬಚ್ಚಿಟ್ಟರೆ ಶೆಲ್ಫು ಖಾಲಿ ಕಂಡು ಅಂಗಡಿಯವರು ಹುಡುಕಾಡಬಹುದು. ಒಂದನ್ನೇ ಬಚ್ಚಿಟ್ಟರೆ? ಒಂಟಿ ಷೂ ಯಾರು ತಾನೇ ಕೊಂಡಾರು! ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡು, ಬಲಗಾಲಿನದನ್ನು ಶೆಲ್ಫಿಗೆ ವಾಪಸ್ ಇಟ್ಟು, ಎಡಗಾಲಿನದನ್ನು ಮೀಟರ್ ಬ್ಯಾಗಿಗೆ ಹಾಕಿಕೊಂಡು ನಾಲ್ಕನೇ ಮಹಡಿ ಹತ್ತಿ, ಆ ಅಡುಗೆ ಪಾತ್ರೆಯ ತಳದಲ್ಲಿಟ್ಟು ಮುಚ್ಚಳ ಮುಚ್ಚಿದ. ಮನೆಗೆ ಹೋಗುವ ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಿದ್ದ ಅಂದರೆ ನೀವು ನಂಬಬೇಕು.

"ಷೂ ಸಿಕ್ತಾ?" ಅಂದಳು ಹೆಂಡತಿ, ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ.

"ಬುಧವಾರ" ಅಂದ ಅವನು. "ಬುಧವಾರದ ತನಕ ತಡ್ಕೋ. ಆಮೇಲೆ ನೋಡು."

ಅವಳು ಬಿಸಿನೀರು ಇನ್ನಷ್ಟು ಬೇಕು ಅಂದಳು. ಅವನು ತಂದು ಹೊಯ್ದ.

ಶನಿವಾರ ಸಂಜೆ ಅವನು ಮನೆಗೆ ಬಂದಾಗ ನಾದಿನಿ ಬಂದಿದ್ದಳು. ಅಕ್ಕ ತಂಗಿ ಇಬ್ಬರೂ ಆಗಷ್ಟೇ ಹೊರಗಿನಿಂದ ಬಂದ ಹಾಗಿತ್ತು. ನಾದಿನಿಯ ಮುಖ ಕೆಂಡ. "ಭಾವ, ಒಂದು ಮಾತು ಕೇಳ್ಲಾ..." ಎಂದು ಬಾಯಿ ತೆರೆದಳು. ಹೆಂಡತಿ ಅವಳ ತೊಡೆ ಚಿವುಟಿದ್ದನ್ನು ಅವನು ನೋಡಿದ. "ಟೀ ಕುಡೀತೀರಾ ಅಂತ ಕೇಳ್ತಿದ್ಲು" ಅಂದಳು ಹೆಂಡತಿ. ಅಕ್ಕ ತಂಗಿಯರ ಗುಸುಗುಸು ತನಗ್ಯಾಕೆ ಎಂದು ಅವನು ಟೀ ಕುಡಿದ.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ದೊಡ್ಡಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಅವನು ಸಮವಸ್ತ್ರದಲ್ಲಿ, ಟಾರ್ಚು, ಬ್ರಷ್ಷು, ಅಂಕಿ ಪುಸ್ತಕದ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೊದಲನೆಯವನಾಗಿ ನಿಂತಿದ್ದ. ನಾಲ್ಕನೇ ಮಹಡಿಗೆ ಓಡಿದ. ಪಾತ್ರೆ ಇತ್ತು, ಒಳಗೆ ಎಡಗಾಲಿನ ಷೂ ಇತ್ತು. ಬ್ಯಾಗಿಗೆ ಹಾಕಿಕೊಂಡು ಮೂರನೇ ಮಹಡಿಗೆ ಇಳಿದ. ಶೆಲ್ಫಿನಲ್ಲಿ ಬಲಗಾಲಿನ ಷೂ ಇರಲಿಲ್ಲ.

ಅವನು ಮೇಲೆ ನೋಡಿದ, ಕೆಳಗೆ ನೋಡಿದ, ಟಾರ್ಚು ತೆಗೆದು ಶೆಲ್ಫಿನ ಅಡಿಗೆ ಬೆಳಕು ಬಿಟ್ಟು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. ಷೂ ವಿಭಾಗದ ಹೆಂಗಸು, ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡವಳು, ಓಡಿ ಬಂದಳು.

"ಸಾರ್, ನೀರಿನ ಮೀಟರ್ ಇಲ್ಲಿಲ್ಲ. ಕೆಳಗಡೆ ಪಾರ್ಕಿಂಗ್ ಹತ್ರ ಇರೋದು."

"ಮೀಟರಲ್ಲಮ್ಮ" ಅಂದ ಅವನು, ಮೊಣಕಾಲಿನ ಧೂಳು ಕೊಡವುತ್ತ. "ಇಲ್ಲೊಂದು ಬೂದು ಬಣ್ಣದ ಷೂ ಇತ್ತಲ್ಲ, ಲೇಡೀಸ್..."

"ಅಯ್ಯೋ, ಆ ಷೂನಾ!" ಹೆಂಗಸು ಎರಡೂ ಕೈ ಎತ್ತಿದಳು. "ಅದರ ಕತೆ ಕೇಳ್ಬೇಡಿ ಸಾರ್. ಯಾವನೋ ಪಾಪಿ ಎಡಗಾಲಿಂದು ಬಚ್ಚಿಟ್ಟಿದಾನೆ. ರೇಟು ಇಳೀಲಿ ಅಂತ ಹಿಂಗೆ ಮಾಡೋರು ಇದಾರೆ, ನಿಮಗೆ ಗೊತ್ತಿರಲ್ಲ ಬಿಡಿ."

"ಹೌದಾ?" ಅಂದ ಅವನು. ಹೆಗಲಿನ ಬ್ಯಾಗು ಇದ್ದಕ್ಕಿದ್ದಂತೆ ಭಾರವಾಯಿತು. "ಛೆ ಛೆ. ಎಂಥ ಜನ."

"ಶನಿವಾರ ಒಬ್ಬರು ಮೇಡಂ ಬಂದಿದ್ರು. ಕಾಲು ಎಳ್ಕೊಂಡು ನಡೀತಿದ್ರು ಪಾಪ. ಬಲಗಾಲಿಗೆ ಆ ಷೂ ಹಾಕ್ಕೊಂಡು ಎದ್ದು ನಿಂತ್ರು ನೋಡಿ, ಅವರ ಮುಖ ಅರಳಿದ್ದು ನಾನು ಯಾವತ್ತೂ ಮರೆಯಲ್ಲ. ನೋವೇ ಇಲ್ಲ ಕಣೇ, ಅಂದ್ರು ತಂಗಿಗೆ. ಎಡಗಾಲಿಂದು ಹುಡುಕಿ ಹುಡುಕಿ ನಮಗೆಲ್ಲ ಸಾಕಾಯ್ತು. ಒಂದು ಗಂಟೆ ಆ ಸ್ಟೂಲ್ ಮೇಲೆ ಒಂದೇ ಕಾಲಿಗೆ ಷೂ ಹಾಕ್ಕೊಂಡು ಕೂತಿದ್ರು. ಪೂರ್ತಿ ಬೆಲೆ ಬೇಕಾದ್ರೂ ಕೊಡ್ತೀನಿ, ಮನೇಲಿ ಮಾತ್ರ ಗೊತ್ತಾಗಬಾರದು, ಅಂತಿದ್ರು."

ಅವನು ಬ್ಯಾಗಿನ ಬಾಯಿ ಬಿಗಿಯಾಗಿ ಹಿಡಿದುಕೊಂಡ. "ಮನೇಲಿ ಯಾಕಂತೆ ಗೊತ್ತಾಗಬಾರದು?"

"ಯಜಮಾನ್ರು ಬೇಜಾರು ಮಾಡ್ಕೋತಾರಂತೆ, ಕೆಂಪು ಚೀಟಿಗೆ ಕಾಯಬೇಕಿತ್ತು ಅಂತ. ಆ ತಂಗಿ ಬೈದಿದ್ದು ನೀವು ಕೇಳಬೇಕಿತ್ತು ಸಾರ್! ಆಮೇಲೆ ಆ ಮೇಡಂ ಎದ್ದು, ಸಾಲಲ್ಲಿರೋ ಷೂಗಳನ್ನೆಲ್ಲ ಒಂದೊಂದೇ ಬೆರಳು ತೋರಿಸಿ ಗಟ್ಟಿಯಾಗಿ ಎಣಿಸಿದ್ರು. ಎರಡು ಸಲ. ಎಪ್ಪತ್ತೇಳು, ಒಂದು ಕಮ್ಮಿ ಇದೆ, ಅಂದ್ರು. ಅವರು ಹೋದ ಮೇಲೆ ನೋಡಿದ್ರೆ ಬಲಗಾಲಿಂದೂ ಮಾಯ."

ಬೆರಳು ತೋರಿಸಿ ಎಣಿಸಿದವಳು. ಈ ಊರಲ್ಲಿ ಹಾಗೆ ಎಣಿಸುವವಳು ಒಬ್ಬಳೇ ಇದ್ದಾಳೆ, ಮತ್ತು ಅವಳು ಇವತ್ತು ಬೆಳಗ್ಗೆ ಅವನಿಗೆ ತಿಂಡಿ ಮಾಡಿಕೊಟ್ಟು, ಬಲಗಾಲಿನ ತುದಿಯ ಮೇಲೆ ಕುಪ್ಪಳಿಸುತ್ತ ಬಸ್ಸಿಗೆ ಹೋಗಿದ್ದಳು. ಅವನು ಆ ಸ್ಟೂಲಿನ ಮೇಲೆಯೇ ಧೊಪ್ಪನೆ ಕೂತ.

"ಸಾರ್, ನೀರು ಕೊಡ್ಲಾ?" ಅಂದಳು ಆ ಹೆಂಗಸು.

"ಬೇಡಮ್ಮ. ಆ ಪಾಪಿ ಸಿಕ್ಕಿದ್ರೆ ಏನು ಮಾಡ್ತೀರಿ?"

"ನಾನೇನು ಮಾಡ್ತೀನಿ ಸಾರ್? ಆ ಮೇಡಂ ಮುಂದೆ ತಂದು ನಿಲ್ಲಿಸ್ತೀನಿ, ಅಷ್ಟೇ. ಅದಕ್ಕಿಂತ ಬೇರೆ ಶಿಕ್ಷೆ ಬೇಕಾ?"

ಬೇಕಿರಲಿಲ್ಲ. ಅವನು ಎದ್ದು ಬಿಲ್ ಕೌಂಟರಿಗೆ ಹೋಗಿ ಬ್ಯಾಗಿನಿಂದ ಒಂಟಿ ಷೂ ತೆಗೆದು ಇಟ್ಟ. ಕೌಂಟರಿನವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇನ್ನೊಂದು?" ಅಂದ. ಇಲ್ಲ ಅಂದ ಇವನು. ಒಂಟಿ ಷೂ ಮಾರುವ ಹಾಗಿಲ್ಲ, ಜೊತೆಯದ್ದೇ ಬಿಲ್ಲಾಗಬೇಕು, ಅಂದ ಅವನು. ಹಾಗೇ ಮಾಡಿ, ಅಂದ ಇವನು. ಚೀಟಿ ಎಲ್ಲಿ? ಚೀಟಿ ಬಲಗಾಲಿನದರ ಮೇಲಿತ್ತು. ಚೀಟಿ ಇಲ್ಲದ ಮಾಲಿಗೆ ಮೂಲ ಬೆಲೆ ಸಾರ್, ಅಂದ ಕೌಂಟರಿನವನು ಸ್ವಲ್ಪ ಮುಜುಗರದಿಂದಲೇ. ಚೀಟಿ ಸಿಕ್ಕಿದರೆ ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಬಿಲ್ಲಿನ ಜೊತೆ ತನ್ನಿ, ಹೆಚ್ಚಾದದ್ದು ವಾಪಸ್ ಕೊಡ್ತೀವಿ, ಆಮೇಲೆ ತಂದರೆ ಆಗಲ್ಲ.

ಹೀಗೆ, ಹತ್ತೊಂಬತ್ತು ವರ್ಷ ನೀಲಿ ಚೀಟಿಯನ್ನೂ ತಿರಸ್ಕರಿಸಿದ ಮಹಾನುಭಾವ ಪೂರ್ತಿ ಮೂರು ಸಾವಿರದ ಆರುನೂರು ಕೊಟ್ಟು ಅರ್ಧ ಜೊತೆ ಷೂ ಕೊಂಡ. ಜಗತ್ತಿನಲ್ಲಿ ಯಾವ ಅಂಗಡಿಯೂ ಯಾರಿಗೂ ಕೊಡದ ರಿಯಾಯಿತಿ ಅದು. ಹಿಂದೆ ಸಾಲಿನಲ್ಲಿ ನಿಂತಿದ್ದ ಮುದುಕರೊಬ್ಬರು ಅವನ ಎರಡೂ ಕಾಲುಗಳನ್ನು ಒಮ್ಮೆ ಪರೀಕ್ಷೆ ಮಾಡಿ ನೋಡಿದರು.

ಆವತ್ತು ಅವನು ಓದಿದ ಮೀಟರುಗಳಲ್ಲಿ ಎಷ್ಟು ಸರಿಯೋ ಎಷ್ಟು ತಪ್ಪೋ ದೇವರಿಗೇ ಗೊತ್ತು.

ಸಂಜೆ ಹೆಂಡತಿ ಬಂದು, ಬಕೆಟ್ಟಿನಲ್ಲಿ ಕಾಲಿಟ್ಟು ಕೂತ ಮೇಲೆ ಅವನು ಎಡಗಾಲಿನ ಷೂ ತೆಗೆದು ಮೇಜಿನ ನಟ್ಟನಡುವೆ ಇಟ್ಟ. ಎಷ್ಟಿರಬಹುದು ಎಂದು ಕೇಳಲಿಲ್ಲ. ನೇರವಾಗಿ ಹೇಳಿಬಿಟ್ಟ: ಗುರುವಾರ ನೋಡಿದ್ದು, ನೀಲಿ ಚೀಟಿ, ಪಾತ್ರೆ, ಎಲ್ಲ. ಹೇಳುತ್ತ ಹೇಳುತ್ತ ನಡುವೆ ಒಂದು ಕಡೆ ನಗಿಸಲು ನೋಡಿದ, ಮೀಟರ್ ಇಲ್ಲಿಲ್ಲ ಅಂದ ಹೆಂಗಸಿನ ಮಾತು ಹೇಳಿದ, ಪಾಪಿ ಸಿಕ್ಕರೆ ಮೇಡಂ ಮುಂದೆ ತಂದು ನಿಲ್ಲಿಸ್ತೀನಿ ಅಂದದ್ದನ್ನೂ ಹೇಳಿದ. ಅವಳು ನಗಲಿಲ್ಲ. ಷೂ ಕೈಗೆತ್ತಿಕೊಂಡು ಒಳಗಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ರೀ, ಗುರುವಾರ ನಿಮ್ಮ ಜೇಬಲ್ಲಿ ದುಡ್ಡಿತ್ತಾ?"

"ಇತ್ತು."

"ಅರ್ಧ ಬೆಲೆಗೆ ಆಗೋವಷ್ಟು?"

"ಪೂರ್ತಿ ಬೆಲೆಗೂ ಆಗ್ತಿತ್ತು ಕಣೆ."

ಅವಳು ಷೂವನ್ನು ಮೇಜಿನ ಮೇಲೆ ವಾಪಸ್ ಇಟ್ಟಳು. "ಸೋಮವಾರ ಐದು ಗಂಟೆ ಆಪರೇಷನ್ ಇತ್ತು" ಅಂದಳು. "ಮೂರನೇ ಗಂಟೇಲಿ ನಾನು ಸ್ಟೂಲ್ ಕೇಳಿದೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ. ಡಾಕ್ಟ್ರು ತಿರುಗಿ ನೋಡಿದ್ರು, ಏನೂ ಅನ್ಲಿಲ್ಲ. ಅಂದಿದ್ರೆ ಚೆನ್ನಾಗಿತ್ತು. ಆಮೇಲೆ ನಾನೇ ಹೋಗಿ ಬರ್ಕೊಟ್ಟೆ, ರೆಕಾರ್ಡ್ ರೂಮಿಗೆ ಹಾಕಿ ಅಂತ. ನಾಳೆ ಆ ಕಾಗದ ಮೇಲಕ್ಕೆ ಹೋಗುತ್ತೆ."

ಅವನಿಗೆ ಆರು ದಿನ ಯಾವ ಮಹಾ, ಅಂದುಕೊಂಡದ್ದು ನೆನಪಾಯಿತು. ಆ ಆರು ದಿನದ ಒಳಗೇ ಒಂದು ಸೋಮವಾರ ಇರುತ್ತದೆ ಎಂದು ಲೆಕ್ಕದ ಮನುಷ್ಯನಾದ ತನಗೆ ಹೊಳೆಯಲೇ ಇಲ್ಲವಲ್ಲ! ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕಣ್ಣು ಒದ್ದೆಯಾದದ್ದನ್ನು ಅವಳಿಗೆ ಕಾಣದ ಹಾಗೆ ಮುಖ ತಿರುಗಿಸಿದ. ಅವಳು ನೋಡಿಯೇ ನೋಡಿದಳು.

"ಬಲಗಾಲಿಂದು ಏನು ಮಾಡ್ದೆ?" ಅಂದ ಕೊನೆಗೆ.

"ಬಚ್ಚಿಟ್ಟೆ." ಅವಳು ಮುಖ ಸಿಂಡರಿಸಿದಳು. "ನನಗೆ ಸಿಗದ ಮೇಲೆ ಆ ಪಾಪಿಗೂ ಸಿಗಬಾರದು ಅಂತ. ಒಂದು ಸೂಜಿ ಜಾಗ ತಪ್ಪಿಸದವಳು ನಾನು, ನನ್ನ ಕೈಯಲ್ಲಿ ಎಂಥ ಕೆಲಸ ಮಾಡಿಸಿದ್ರಿ ನೋಡಿ. ನೆಲಮಹಡೀಲಿ, ದಿಂಬಿನ ರಾಶೀಲಿ ಇಟ್ಟಿದೀನಿ. ಪೂರ್ತಿ ಬೆಲೆಯ ಜಾಗ. ಬಚ್ಚಿಡೋ ಅಂಥ ಜಿಪುಣ ಆ ಕಡೆ ಸತ್ರೂ ಸುಳಿಯಲ್ಲ ಅಂತ."

ಸರಿಯಾಗಿಯೇ ಲೆಕ್ಕ ಹಾಕಿದ್ದಳು. ಅವನು ಇನ್ನೂ ಒಂದು ವರ್ಷ ಹುಡುಕಿದ್ದರೂ ಅಲ್ಲಿ ನೋಡುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಇಬ್ಬರೂ ದೊಡ್ಡಂಗಡಿಯ ಮುಂದೆ ನಿಂತಿದ್ದರು. ಹತ್ತಕ್ಕೆ ಅವಳಿಗೆ ಡ್ಯೂಟಿ. ಅವನು ಅಭ್ಯಾಸಬಲದಿಂದ ಎಸ್ಕಲೇಟರಿನ ಕಡೆ ತಿರುಗಿದ. ಅವಳು ತೋಳು ಹಿಡಿದು ಎಳೆದಳು. "ಎಡಗಡೆಯಿಂದ ನಾಲ್ಕನೇ ಸಾಲು, ಮೇಲಿಂದ ಏಳನೇ ದಿಂಬು" ಅಂದಳು. ಅವನು ಏಳನೇ ದಿಂಬಿನ ಕೆಳಗೆ ಕೈ ಹಾಕಿದ. ಬಲಗಾಲಿನ ಷೂ, ಅದರ ಮೇಲೆ ನೀಲಿ ಚೀಟಿ, ಹಾಗೇ ಇತ್ತು.

ಅವಳು ಅಲ್ಲೇ ಗೋಡೆಗೆ ಒರಗಿ ಎರಡನ್ನೂ ಹಾಕಿಕೊಂಡಳು. ನಾಲ್ಕು ಹೆಜ್ಜೆ ನಡೆದಳು. ಅಷ್ಟರಲ್ಲಿ ಷೂ ವಿಭಾಗದ ಹೆಂಗಸು ಕೆಲಸಕ್ಕೆ ಬರುತ್ತಿದ್ದವಳು ಇವಳನ್ನು ಗುರುತಿಸಿ, "ಅಯ್ಯೋ ಮೇಡಂ, ಸಿಕ್ತಾ!" ಎಂದು ಓಡಿ ಬಂದಳು. ಆಮೇಲೆ ಪಕ್ಕದಲ್ಲಿ ನಿಂತವನನ್ನು ನೋಡಿದಳು. ಅವನ ಬ್ಯಾಗು ನೋಡಿದಳು. ಮತ್ತೆ ಅವನ ಮುಖ ನೋಡಿದಳು.

"ಇವರೇ" ಅಂದಳು ಹೆಂಡತಿ. "ತಂದು ನಿಲ್ಲಿಸಿದೀನಿ."

ಆ ಹೆಂಗಸು ಕನ್ನಡಕ ಏರಿಸಿಕೊಂಡು ಅವನನ್ನು ಇನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು, ಅವನ ಕೈಯಲ್ಲಿದ್ದ ಪೂರ್ತಿ ಬೆಲೆಯ ಬಿಲ್ಲನ್ನೂ ನೋಡಿದಳು. ಪಾಪ, ಒಳ್ಳೆಯವಳು. "ಚೀಟಿ ಸಿಕ್ತಲ್ಲ ಸಾರ್, ವಾಪಸಾತಿ ಕೌಂಟರಲ್ಲಿ ಕೊಡಿ. ಸಾವಿರದ ಎಂಟುನೂರು ಬರುತ್ತೆ. ಕ್ಯೂ ಇದೆ, ಒಂದು ಗಂಟೆ ಆಗಬಹುದು" ಅಂದಳಷ್ಟೆ.

ಅವನ ಕಾಲುಗಳು ತಾವಾಗಿಯೇ ಎರಡು ಹೆಜ್ಜೆ ಆ ಕಡೆ ಹೋಗಿಬಿಟ್ಟವು. ಸುಳ್ಳು ಯಾಕೆ ಹೇಳಬೇಕು, ಹೋದವು. ಕ್ಯೂನಲ್ಲಿ ಹದಿನಾಲ್ಕು ಜನ ಇರುವುದನ್ನೂ ಅವನು ಎಣಿಸಿದ.

"ನೀವು ನಿಂತು ತಗೊಂಡು ಬನ್ನಿ" ಅಂದಳು ಹೆಂಡತಿ, ಬೇಸರವಿಲ್ಲದೆಯೇ. "ನಾನು ಹೋಗಿ ಸಿಸ್ಟರ್ ಹತ್ರ ಕಾಗದ ವಾಪಸ್ ಕೇಳ್ತೀನಿ. ಕೊಟ್ರೆ ಕೊಟ್ರು."

ಕೊಟ್ಟರೆ ಕೊಟ್ಟರು ಅಂದ ಆ ದನಿ ಅವನಿಗೆ ತಡೆಯಲಾಗಲಿಲ್ಲ. ಬಿಲ್ಲನ್ನೂ ನೀಲಿ ಚೀಟಿಯನ್ನೂ ಮಡಚಿ ಜೇಬಿಗೆ ತುರುಕಿ, "ನಡಿ, ಹತ್ತು ಗಂಟೆ ಆಗುತ್ತೆ" ಅಂದ.

ಹಿರಿಯ ಸಿಸ್ಟರ್ ಮೇಜಿನ ಮೇಲೆ ಆ ಕಾಗದ ಇನ್ನೂ ಇತ್ತು, ಮೇಲೆ ಕಳಿಸುವ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ. ಅವರು ಇವಳ ಷೂ ನೋಡಿದರು, ಮುಖ ನೋಡಿದರು. "ಸೋಮವಾರ ಏನಾಯ್ತು ಅಂತ ನಾನು ಮರೆತಿಲ್ಲ" ಅಂದರು. "ಇವತ್ತು ನಾಲ್ಕು ಗಂಟೆಯದಿದೆ. ನಿಲ್ತೀಯಾ?"

"ನಿಲ್ತೀನಿ."

"ಸ್ಟೂಲ್ ಕೇಳಿದ್ರೆ ಕಾಗದ ಮೇಲಕ್ಕೆ ಹೋಗುತ್ತೆ. ಇಲ್ಲಾಂದ್ರೆ ನಿನಗೇ ವಾಪಸ್ ಕೊಡ್ತೀನಿ."

ಅವಳು ಒಳಗೆ ಹೋದಳು. ಥಿಯೇಟರಿನ ಬಾಗಿಲು ಮುಚ್ಚುವ ಮೊದಲು ಅವಳ ದನಿ ಕೇಳಿಸಿತು, ಒಂದು, ಎರಡು, ಮೂರು, ಎಂದು ಎಣಿಸುತ್ತಿತ್ತು. ಕಾರಿಡಾರಿನಲ್ಲಿ ಉದ್ದನೆಯ ಬೆಂಚು ಖಾಲಿ ಇತ್ತು. ಅವನು ಕೂರಲು ಹೋದವನು ಕೂರಲಿಲ್ಲ. ಯಾಕೋ ನಾಚಿಕೆಯಾಯಿತು. ಅವಳು ನಿಂತಿರುವಷ್ಟು ಹೊತ್ತು ತಾನೂ ಒಂದೇ ಕಡೆ ನಿಂತು ನೋಡೋಣ ಎಂದು ಕಿಟಕಿಯ ಪಕ್ಕ ನಿಂತ. ದಿನಾ ನೂರಿಪ್ಪತ್ತು ಮನೆ ತಿರುಗುವ ಕಾಲು ನನ್ನದು, ಇದೇನು ದೊಡ್ಡದು, ಅಂದುಕೊಂಡ. ಅವನ ಕಾಲಿನಲ್ಲಿದ್ದದ್ದು ಆಫೀಸಿನವರು ಪುಕ್ಕಟೆ ಕೊಟ್ಟ ಬೂಟು.

ಮೊದಲ ಗಂಟೆ ಹೇಗೋ ಕಳೆಯಿತು. ಎರಡನೇ ಗಂಟೆಯಲ್ಲಿ ಅಂಗಾಲು ಉರಿಯತೊಡಗಿತು. ಗೋಡೆಯ ಗಡಿಯಾರ ಹನ್ನೆರಡು ತೋರಿಸಿದಾಗ ಅವನ ಕೈ ಜೇಬಿನಲ್ಲಿದ್ದ ಬಿಲ್ಲನ್ನು ಸವರಿತು. ದೊಡ್ಡಂಗಡಿ ಇಲ್ಲಿಂದ ಹತ್ತು ನಿಮಿಷದ ದಾರಿ. ಗಡುವು ಮುಗಿಯಿತು. ಸಾವಿರದ ಎಂಟುನೂರು ಹೋಯಿತು. ಅವನು ಹೊಟ್ಟೆ ಉರಿಯುತ್ತದೆಂದು ಕಾದ. ಅಷ್ಟರಲ್ಲಿ ಹಿಮ್ಮಡಿಯಿಂದ ಮೊಣಕಾಲಿನ ತನಕ ಎಂಥದೋ ಚುಚ್ಚಿದ ಹಾಗಾಗಿ, ಹೊಟ್ಟೆಯ ವಿಚಾರ ಮರೆತೇಹೋಯಿತು. ಮೂರನೇ ಗಂಟೆಯ ಹೊತ್ತಿಗೆ ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹೊರಳಿಸುತ್ತ, ಗೋಡೆ ಹಿಡಿದುಕೊಂಡು, ಸೋಮವಾರ ಅವಳು ಸ್ಟೂಲ್ ಕೇಳಿದ್ದು ಇಂಥದೇ ಹೊತ್ತಿನಲ್ಲಿ ಎಂದು ಲೆಕ್ಕ ಹಾಕುತ್ತಿದ್ದ. ಅವಳ ಕೈಯಲ್ಲಿ ಆಗ ಚಿಮಟಗಳೂ ಇದ್ದವು. ಅವನ ಕೈ ಖಾಲಿ. ಎರಡು ತಿಂಗಳು ಅವಳು ಹೀಗೆ ನಿಂತು ಬಂದು, ಸಂಜೆ ಅವನು ತಂದ ಸಾಮಾನುಗಳ ಬೆಲೆ ಊಹಿಸಿದ್ದಳು.

ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಬಾಗಿಲು ತೆರೆಯಿತು. ಅವಳು ಟೋಪಿ ತೆಗೆಯುತ್ತ ಬಂದಳು. ಕೈಯಲ್ಲಿ ನಾಲ್ಕು ಮಡಿಕೆಯಾದ ಕಾಗದ. ಕುಂಟುತ್ತಿರಲಿಲ್ಲ ಅಂತಲ್ಲ, ಸ್ವಲ್ಪ ಕುಂಟುತ್ತಿದ್ದಳು. ಗೋಡೆ ಹಿಡಿದು ನಿಂತ ಗಂಡನನ್ನೂ ಅವನ ಹಿಂದಿದ್ದ ಖಾಲಿ ಬೆಂಚನ್ನೂ ನೋಡಿ ಅವಳಿಗೆ ಎಲ್ಲ ಅರ್ಥವಾಯಿತು.

"ಕೂತ್ಕೊಳ್ಳಿ ಮಾರಾಯ್ರೆ" ಅಂದಳು. ಇಬ್ಬರೂ ಕೂತರು. ಅವಳು ಕಾಗದವನ್ನು ಹರಿದು, ಚೂರುಗಳನ್ನು ಅವನ ಅಂಗೈಯಲ್ಲಿ ಹಾಕಿದಳು. ಆಮೇಲೆ ಬಲಗಾಲು ಮುಂದೆ ಚಾಚಿ, ಆ ಬೂದು ಬಣ್ಣದ ಷೂವನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸುತ್ತ ಕೇಳಿದಳು:

"ಎಷ್ಟಿರಬಹುದು, ಹೇಳಿ ನೋಡೋಣ?"

ಅವನಿಗೆ ಬೆಲೆ ಬಾಯಿಪಾಠವಾಗಿತ್ತು. ಬಿಲ್ಲು ಜೇಬಿನಲ್ಲೇ ಇತ್ತು. ಆದರೂ ಆ ಅಂಕಿ ಬಾಯಿಗೆ ಬರಲಿಲ್ಲ. ಅವಳು ಕಾಯುತ್ತಿದ್ದಳು.

"ತುಂಬಾ ದುಬಾರಿ ಬಿತ್ತು ಕಣೆ" ಅಂದ.

"ಹ್ಞೂಂ" ಅಂದಳು ಅವಳು, ಬಗ್ಗಿ ಅವನ ಬೂಟಿನ ಲೇಸು ಸಡಿಲಿಸುತ್ತ. "ನನಗೂ."